ಮೇಷ್ಟ್ರ ಗುಟ್ಟು ಉಳಿಸದ ಡಬ್ಬಿ

ಪಾಂಡವಪುರದ ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಪಚ್ಚಕರ್ಪೂರದ ವಾಸನೆ ಬರುವ ಕಾರಣವೇ ಇಲ್ಲ. ನನ್ನ ಅಂಗಡಿಯಲ್ಲಿ ಇರುವುದು ಬಿಸಿಯಾದ ವೈರಿನ ವಾಸನೆ, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಸಂಜೆಯಾದರೆ ಪಕ್ಕದ ಟೀ ಅಂಗಡಿಯ ಬೋಂಡದ ವಾಸನೆ. ಹೋದ ವಾರ ಶ್ರೀರಂಗಪಟ್ಟಣದಿಂದ ಬಂದ ಒಬ್ಬ ಹುಡುಗಿಗೆ ತೋರಿಸಲು ಬೇರೊಂದು ಇಲ್ಲದೆ, ಮೇಲಿನ ಶೆಲ್ಫಿನಿಂದ ಹಳೇ ಕಪ್ಪು ಡಬ್ಬಿಯೊಂದನ್ನು ಇಳಿಸಿ, ಧೂಳು ಒರೆಸಿ, ಕರೆಂಟು ಕೊಟ್ಟೆ. ಹತ್ತು ನಿಮಿಷಕ್ಕೆ ಡಬ್ಬಿ ಬೆಚ್ಚಗಾಯಿತು. ಅದರ ನೆತ್ತಿಯ ತೂತುಗಳಿಂದ ಪಚ್ಚಕರ್ಪೂರ ಘಮ್ಮೆಂದಿತು. ಹುಡುಗಿ ಮೂಗರಳಿಸಿ ನನ್ನ ಮುಖ ನೋಡಿದಳು. ನಾನು ಇಯರ್‌ಫೋನು ಅವಳ ಕೈಗೆ ಕೊಟ್ಟೆ.

ಆ ಹುಡುಗಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸದವಳು. ಲ್ಯಾಪ್‌ಟಾಪಿಗೆ ನೇರವಾಗಿ ಇಯರ್‌ಫೋನ್ ಚುಚ್ಚಿದರೆ ಸದ್ದಿನ ಹಿಂದೆ ಒಂದು ಸುಯ್‌ಗುಟ್ಟುವಿಕೆ ಇರುತ್ತದೆ, ಅದು ಬೇಡ ಎಂದಳು. ಅದಕ್ಕೇ ಈ ಡಬ್ಬಿಗಳು ಇರುವುದು. ಕಂಪ್ಯೂಟರಿನೊಳಗೆ ಅಂಕಿಗಳಾಗಿ ಬಿದ್ದಿರುವ ಹಾಡನ್ನೋ ಮಾತನ್ನೋ ಹೊರಗೆ ತಂದು ಶುದ್ಧವಾದ ಸದ್ದು ಮಾಡಿ ಕೊಡುತ್ತವೆ. ನಾವು ಅಂಗಡಿಯವರು ಡ್ಯಾಕ್ ಅನ್ನುತ್ತೇವೆ. ಕೆಲಸ ಮಾಡುವಾಗ ಅವಳಿಗೆ ಇಯರ್‌ಫೋನ್ ಬೇಕು, ಪಾರ್ಟಿಯವರು ನೋಡಲು ಬಂದಾಗ ಸ್ಪೀಕರ್ ಬೇಕು, ಎರಡಕ್ಕೂ ಒಂದೇ ಡಬ್ಬಿ ಆಗಬೇಕು.

ಇಂಥ ಗಿರಾಕಿಗಳಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಅವಳಿಗೂ ಕೇಳಿದೆ. "ಇಯರ್‌ಫೋನ್ ಚುಚ್ಚುದ್ರೆ ಸ್ಪೀಕರ್ ಸುಮ್ಕಾಗ್ಬೇಕೋ, ಬ್ಯಾಡ್ವೋ?"

"ಅದು ತಾನಾಗೇ ಆಗಲ್ವಾ ಅಣ್ಣ?" ಅಂದಳು.

ತಾನಾಗೇ ಆಗುತ್ತದೆ ಎಂದು ಒಂದು ಕಾಲದಲ್ಲಿ ನಾನೂ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ನನ್ನ ಮೇಷ್ಟ್ರ ಮಾನವನ್ನು ಬೀದಿಗೆ ತಂದೆ.

ಅವರು ನನಗೆ ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರು. ಮೇಲುಕೋಟೆಯಿಂದ ದಿನಾ ಬಸ್ಸಿನಲ್ಲಿ ಇಳಿದು ಬರುತ್ತಿದ್ದರು. ಹಣೆಯಲ್ಲಿ ನಾಮ, ಕೈಯಲ್ಲಿ ಕೊಡೆ, ಬಾಯಲ್ಲಿ ಬೈಗುಳ. ನಮ್ಮದು ಕಬ್ಬು ಭತ್ತದ ಮನೆ. ನಂಬರು ಚೆನ್ನಾಗಿ ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಸಂಸ್ಕೃತ ತೆಗೆದುಕೊಂಡಿದ್ದೆ. "ಕಬ್ಬು ಕಡಿಯೋನ್ಗೆ ಅದ್ಯಾಕ್ಲಾ?" ಎಂದು ನಮ್ಮ ದೊಡ್ಡಪ್ಪ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು. ನಾನು ಹಟಕ್ಕೆ ಬಿದ್ದು ರಾಮಃ ರಾಮೌ ರಾಮಾಃ ಎಂಬ ರಾಮಶಬ್ದವನ್ನು ಗದ್ದೆಯ ಬದುವಿನ ಮೇಲೆ ನಿಂತು ಉರು ಹೊಡೆದೆ. ತರಗತಿಯಲ್ಲಿ ಎದ್ದುನಿಂತು ಒಪ್ಪಿಸಿದರೆ ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು. ರಾಮಃ ಎಂದ ಕಡೆಯ ಉಸಿರನ್ನು ನಮ್ಮ ಸೀಮೆಯ ನಾಲಿಗೆ ನುಂಗಿಬಿಡುತ್ತದೆ. ನನ್ನದೂ ನುಂಗುತ್ತಿತ್ತು.

"ಲೋ, ಹಕಾರ ಏನು ಕಬ್ಬಿನ ಸಿಪ್ಪೆಯೇನೋ, ಎಸೆದುಬಿಡೋಕೆ?" ಎಂದು ಗದರುತ್ತಿದ್ದರು. ಅರ್ಧ ಪೀರಿಯಡ್ಡು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದರೆ ಒಂದು ಮಾತು ಹೇಳಲೇಬೇಕು. ನೀನು ಇಂಥವರ ಮನೆಯವನು, ನಿನ್ನ ಬಾಯಿಗೆ ಇದು ಬರುವುದಿಲ್ಲ ಎಂದು ಅವರು ಒಂದು ದಿನವೂ ಅನ್ನಲಿಲ್ಲ. ಬರುತ್ತದೆ, ನೀನು ಸೋಮಾರಿ, ಅಷ್ಟೇ ಎನ್ನುತ್ತಿದ್ದರು. ಆ ಬೈಗುಳ ನನಗೆ ಇವತ್ತಿಗೂ ಇಷ್ಟ.

ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಗಿರಾಕಿಗಳೆಲ್ಲ ಹೋಗುವವರೆಗೂ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದು, ಆಮೇಲೆ ಹತ್ತಿರ ಬಂದು ಗುಟ್ಟಿನ ದನಿಯಲ್ಲಿ ಮಾತಾಡಿದರು. ಆ ಗುಟ್ಟು ಬಸ್ ಸ್ಟ್ಯಾಂಡಿನ ಆ ತುದಿಯವರೆಗೂ ಕೇಳಿಸಿತು. ಟೀ ಅಂಗಡಿಯವನು ಬಾಣಲೆ ಬಿಟ್ಟು ಇಣುಕಿದ. ಮೇಷ್ಟ್ರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಮಗೇ ಗೊತ್ತಾಗುತ್ತಿಲ್ಲ ಎಂದು ನನಗೆ ಅರ್ಥವಾಯಿತು.

ಅವರಿಗೆ ಬೇಕಾದದ್ದು ಇಷ್ಟು. ಮನೆಗೆ ಪಾಠಕ್ಕೆ ಬರುವ ಆರು ಮಕ್ಕಳಿಗೆ ಸ್ಪೀಕರಿನಲ್ಲಿ ಪಾಠ ಕೇಳಿಸಬೇಕು. ತಮಗೆ ಇಯರ್‌ಫೋನಿನಲ್ಲಿ ಜೋರಾಗಿ, ಸ್ಪಷ್ಟವಾಗಿ ಕೇಳಬೇಕು. "ನಾನು ಕೇಳೋವಾಗ ಮಾತ್ರ ಆಚೆಗೆ ಒಂದು ಪಿಸುಮಾತೂ ಹೋಗಕೂಡದು" ಎಂದು ಮೂರು ಸಲ ಹೇಳಿದರು. ಯಾಕೆ ಎಂದು ಕೇಳಿದೆ. ಸ್ಟೂಲನ್ನು ಹತ್ತಿರ ಎಳೆದುಕೊಂಡು ಹೇಳಿದರು.

ಅವರ ಬೀದಿಯ ಕೊನೆಯ ಸಣ್ಣ ಮಂಟಪದಲ್ಲಿ ದಿನಾ ಸಂಜೆ ಹಿರಿಯರು ಕೂತು ಪಾರಾಯಣ ಮಾಡುತ್ತಿದ್ದರು. ಗೋಷ್ಠಿ ಎನ್ನುತ್ತಾರೆ. ಎದುರುಬದುರು ಎರಡು ಸಾಲು. ಆ ಕಡೆಯವರು ಒಂದು ಸಾಲು ಹೇಳಿ ಮುಗಿಸಿದ ಕ್ಷಣಕ್ಕೆ ಈ ಕಡೆಯವರು ಮುಂದಿನದನ್ನು ಎತ್ತಿಕೊಳ್ಳಬೇಕು. ಎದುರಿನವರ ಕೊನೆಯ ಅಕ್ಷರ ಕೇಳದಿದ್ದರೆ ಅರ್ಧ ಉಸಿರು ತಡವಾಗುತ್ತದೆ. ಮೇಷ್ಟ್ರು ತಡವಾಗುತ್ತಿದ್ದರು. ನಲವತ್ತು ವರ್ಷ ಕೂತ ಜಾಗ ಅದು. ಕಿವಿ ಹೋಗಿದೆ ಎಂದು ತಿಳಿದರೆ ಜಾಗ ಹೋಗುತ್ತದೆ, ಜಾಗ ಹೋದರೆ ಮಕ್ಕಳೂ ಹೋಗುತ್ತಾರೆ. ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದರು. ಉತ್ತರೀಯದ ಮಡಿಕೆಯಲ್ಲಿ ಫೋನು ಇಟ್ಟುಕೊಂಡು ಗೋಷ್ಠಿಯನ್ನು ರೆಕಾರ್ಡು ಮಾಡಿ, ಮಾರನೆಯ ಮಧ್ಯಾಹ್ನ ಕೇಳಿ, ತಾವು ಎಲ್ಲೆಲ್ಲಿ ಹಿಂದೆ ಬಿದ್ದೆವೆಂದು ಗುರುತು ಹಾಕಿಕೊಂಡು, ಸಂಜೆಗೆ ಸರಿಮಾಡಿಕೊಳ್ಳುವುದು.

"ಕಿವಿ ಮಷಿನ್ನು ಹಾಕ್ಕೊಂಡ್ರೆ ಆಗಾಕಿಲ್ವಾ ಮೇಷ್ಟ್ರೇ?" ಎಂದೆ.

"ಅದನ್ನ ಹಾಕ್ಕೊಂಡು ಹೋದ ದಿನವೇ ನನ್ನ ಜಾಗಕ್ಕೆ ಇನ್ನೊಬ್ಬರು ಬಂದು ಕೂತಿರ್ತಾರೆ" ಎಂದರು.

ನಾನು ಎರಡು ಡಬ್ಬಿ ತರಿಸಿದೆ. ಒಂದು ತಗಡಿನದು, ನೋಡಲು ಅಡ್ಡಾದಿಡ್ಡಿ, ಮುಂಭಾಗದಲ್ಲಿ ಒಂದು ಸ್ವಿಚ್ಚು: ಈ ಕಡೆ ಒತ್ತಿದರೆ ಇಯರ್‌ಫೋನು, ಆ ಕಡೆ ಒತ್ತಿದರೆ ಸ್ಪೀಕರು. ಇನ್ನೊಂದು ಕಪ್ಪು ಬಣ್ಣದ್ದು, ಕೈಗೆ ಭಾರ, ದಪ್ಪನೆಯ ತಿರುಗುಣಿ, ಸ್ವಿಚ್ಚೇ ಇಲ್ಲ. ಇಂಟರ್‌ನೆಟ್ಟಿನಲ್ಲಿ ಈ ಡಬ್ಬಿಗಳ ಬಗ್ಗೆ ಜನ ಪಂಚಾಯ್ತಿ ಎಲೆಕ್ಷನ್ನಿನ ಹಾಗೆ ಕಿತ್ತಾಡುತ್ತಾರೆ. ವಾರವಿಡೀ ಅದನ್ನು ಓದಿ, ಎಲ್ಲರೂ ಹೊಗಳಿದ ಕಪ್ಪು ಡಬ್ಬಿಯೇ ಸರಿ ಎಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ನನ್ನ ಕೊಬ್ಬು ಅದು, ಈಗ ಒಪ್ಪಿಕೊಳ್ಳುತ್ತೇನೆ.

ಪರೀಕ್ಷೆಗೆ ಏನು ಕೇಳಿಸುವುದು? ಮೇಷ್ಟ್ರು ಅಂಗಡಿಯಲ್ಲಿಟ್ಟಿದ್ದ ಸಿನಿಮಾ ಹಾಡುಗಳನ್ನು ಕೈಯಾಡಿಸಿ ತಳ್ಳಿದರು. ನನ್ನ ಕಡೆ ಬೆರಳು ತೋರಿಸಿದರು. "ರಾಮಶಬ್ದ ಹೇಳು." ನಲವತ್ತರ ಗಂಡಸು, ಎರಡು ಮಕ್ಕಳ ತಂದೆ, ನನ್ನದೇ ಅಂಗಡಿಯಲ್ಲಿ ಕೈಕಟ್ಟಿ ನಿಂತು ರಾಮಶಬ್ದ ಹೇಳಿದೆ. ಹಕಾರವನ್ನೆಲ್ಲ ಜಾಗ್ರತೆಯಾಗಿ ಉಸಿರು ಬಿಟ್ಟೇ ಹೇಳಿದೆ. ಅದನ್ನು ಫೋನಿನಲ್ಲಿ ಹಿಡಿದು, ಕಿವಿ ಪೂರ್ತಿ ಮುಚ್ಚುವ ದೊಡ್ಡ ಇಯರ್‌ಫೋನು ತೊಡಿಸಿ, ಎರಡು ಡಬ್ಬಿಯಲ್ಲೂ ಕೇಳಿಸಿದೆ. ತಗಡಿನದಕ್ಕೆ ಮುಖ ಗಂಟಿಕ್ಕಿದರು. ಕಪ್ಪಿನದಕ್ಕೆ ಅವರ ಮುಖ ಬೆಳಗಿತು. "ಇದರಲ್ಲಿ ನಿನ್ನ ಉಸಿರೂ ಕೇಳುತ್ತೆ" ಎಂದರು. ಮರುಕ್ಷಣವೇ, "ಹಕಾರ ಸರಿಮಾಡ್ಕೊಂಡಿದೀಯ. ಈಗ ದೀರ್ಘ ನುಂಗಿದೀಯ, ಸೋಮಾರಿ" ಎಂದರು.

ಆಮೇಲೆ ಇಯರ್‌ಫೋನಿನ ವೈರು ಬಿಚ್ಚಿಟ್ಟು, ಹಿಂದಿನ ಕೆಂಪು ಬಿಳಿ ಪಿನ್ನುಗಳಿಗೆ ಸ್ಪೀಕರು ಸಿಕ್ಕಿಸಿ ಅದನ್ನೂ ಕೇಳಿಸಿದೆ. ಒಂದಾದ ಮೇಲೆ ಒಂದು. ಎರಡನ್ನೂ ಒಟ್ಟಿಗೆ ಸಿಕ್ಕಿಸಿ ನೋಡಲಿಲ್ಲ. ಮೊಬೈಲಿಗೆ ಪಿನ್ನು ಚುಚ್ಚಿದರೆ ಅದರ ಸ್ಪೀಕರು ಬಾಯಿ ಮುಚ್ಚುತ್ತದೆ, ಇದೂ ಹಾಗೇ ಎಂದುಕೊಂಡೆ. "ನಾನಿಲ್ವಾ ಮೇಷ್ಟ್ರೇ, ತಾನೇ ಬಂದ್ ಆಯ್ತದೆ ಬುಡಿ" ಎಂದು ಎದೆ ತಟ್ಟಿ ಹೇಳಿದೆ.

ಮೇಲುಕೋಟೆಗೆ ಹೋಗಿ ಮೇಷ್ಟ್ರ ಮನೆಯ ಲ್ಯಾಪ್‌ಟಾಪಿಗೆ ಜೋಡಿಸಿಯೂ ಕೊಟ್ಟೆ. ಡಬ್ಬಿಯನ್ನು ಒಳಕೋಣೆಯ ಪುಸ್ತಕದ ಕಪಾಟಿನಲ್ಲಿ, ಹುಳ ಬಾರದಿರಲೆಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪಚ್ಚಕರ್ಪೂರದ ಪಕ್ಕದಲ್ಲಿ ಇಟ್ಟೆ. ಉದ್ದನೆಯ ವೈರು ಎಳೆದು ಸ್ಪೀಕರುಗಳನ್ನು ಮುಂದಿನ ಕೋಣೆಯ ಕಿಟಕಿಗೆ, ಮಕ್ಕಳು ಕೂರುವ ಜಗಲಿಯ ಕಡೆ ಮುಖಮಾಡಿ ಕೂರಿಸಿದೆ. ಅಂದರೆ ಬೀದಿಯ ಕಡೆಗೆ. ಅಮ್ಮಾವ್ರು, ಮೇಷ್ಟ್ರ ಹೆಂಡತಿ, ಪುಳಿಯೋಗರೆ ಕಟ್ಟಿಕೊಟ್ಟರು. ಇಳಿಜಾರಿನಲ್ಲಿ ಬೈಕು ಬಿಟ್ಟುಕೊಂಡು ಬರುವಾಗ ಒಳ್ಳೆಯ ಕೆಲಸ ಮಾಡಿದೆನೆಂದು ಬೀಗುತ್ತಿದ್ದೆ...

ಎರಡೇ ದಿನ. ಅಮ್ಮಾವ್ರು ಕೆ.ಆರ್. ಪೇಟೆಯ ತಂಗಿಯ ಮನೆಗೆ ಹೋಗಿದ್ದರು. ಮೇಷ್ಟ್ರು ಮಧ್ಯಾಹ್ನ ಒಳಕೋಣೆಯಲ್ಲಿ ಕೂತು, ಇಯರ್‌ಫೋನು ತೊಟ್ಟು, ಹಿಂದಿನ ಸಂಜೆಯ ಗೋಷ್ಠಿಯನ್ನು ಹಚ್ಚಿದರು. ತಮ್ಮ ಕಿವಿಗೆ ಸಾಕಾಗುವಷ್ಟು ತಿರುಗುಣಿ ತಿರುಗಿಸಿದರು. ಕಿಟಕಿಯ ಸ್ಪೀಕರುಗಳೂ ಅಷ್ಟೇ ಜೋರಾಗಿ ಬಾಯಿ ತೆರೆದವು. ಗೋಷ್ಠಿಯ ಹಿರಿಯರ ದನಿಯೆಲ್ಲ ನಡುಹಗಲಲ್ಲಿ ಬೀದಿಗೆ ಬಂತು. ಅದರ ಹಿಂದೆ ಅರ್ಧ ಉಸಿರು ತಡವಾಗಿ ಎಳೆಯುವ ಮೇಷ್ಟ್ರ ದನಿ. ಅದೇ ಸಾಲು ಮತ್ತೆ. ಮತ್ತೆ. ಜೊತೆಗೆ ಒಳಗಿನಿಂದ ಅವರು ತಮ್ಮನ್ನೇ ಬೈದುಕೊಳ್ಳುವುದು: "ಮತ್ತೆ ಬಿಟ್ಟೆ, ಮುಠ್ಠಾಳ! ಇಲ್ಲೂ ಬಿಟ್ಟೆ!"

ಊಟ ಮಾಡಿ ಅಡ್ಡಾಗಿದ್ದವರೆಲ್ಲ ಎದ್ದು ಬಂದರು. ಗೋಷ್ಠಿಯ ಯಜಮಾನರೂ ಬಂದರು. ಬಾಗಿಲಲ್ಲಿ ನಿಂತು ಕೂಗಿದರೆ ಯಾರಿಗೆ ಕೇಳಬೇಕು? ಒಳಗೆ ಹೋಗಿ ಭುಜ ಮುಟ್ಟಿದರಂತೆ. ಮೇಷ್ಟ್ರು ತಿರುಗಿ ನೋಡಿದಾಗ ಕೋಣೆಯ ಬಾಗಿಲ ತುಂಬ ಜನ. ಆ ಸಂಜೆಯೇ ಯಜಮಾನರು ಬಹಳ ಮರ್ಯಾದೆಯಿಂದ, ಸ್ವಲ್ಪ ದಿವಸ ವಿಶ್ರಾಂತಿ ತಗೊಳ್ಳಿ ಎಂದರು. ಮಾರನೆಯ ದಿನ ಪಾಠಕ್ಕೆ ಒಂದು ಮಗುವೂ ಬರಲಿಲ್ಲ.

ಅಮ್ಮಾವ್ರು ಫೋನು ಮಾಡಿ, "ಏನಪ್ಪಾ, ನಿನ್ನ ಡಬ್ಬಿ ಹೀಗೆ ಮಾಡಿಬಿಡ್ತಲ್ಲಾ" ಎಂದರು. ಬೈದಿದ್ದರೆ ಚೆನ್ನಾಗಿತ್ತು, ಅಳುತ್ತಿದ್ದರು. ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಯಾವತ್ತೂ ಆಗಿಲ್ಲ. ಸ್ವಿಚ್ಚಿದ್ದ ತಗಡಿನ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಬೆಟ್ಟ ಹತ್ತಿದೆ.

ಮೇಷ್ಟ್ರು ಮೂಲೆ ಹಿಡಿದು ಕೂತಿರುತ್ತಾರೆ ಎಂದುಕೊಂಡಿದ್ದೆ. ಅವರು ಜಗಲಿಗೆ ಚಾಪೆ ಹಾಸುತ್ತಿದ್ದರು. ಕಪ್ಪು ಡಬ್ಬಿಯನ್ನೂ ಲ್ಯಾಪ್‌ಟಾಪನ್ನೂ ಹೊರಗೆ ತಂದು ಮಣೆಯ ಮೇಲೆ ಇಟ್ಟಿದ್ದರು. ನಾನು ಅವರ ಎಡಗಿವಿಯ ಹತ್ತಿರ ಹೋಗಿ ಕೂಗಿ ಹೇಳಿದೆ: "ತಪ್ಪು ನಂದು ಮೇಷ್ಟ್ರೇ. ಬದ್ಲಾಯ್ಸಿ ಕೊಡ್ತೀನಿ. ಇದ್ರಲ್ಲಿ ಸ್ವಿಚ್ಚೈತೆ, ಆಚೆಗೆ ಕೇಳಾಕಿಲ್ಲ."

ಅವರು ಬ್ಯಾಗನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಇನ್ನು ಮುಚ್ಚಿಡೋಕೆ ಏನೋ ಉಳಿದಿದೆ? ಇದೇ ಇರಲಿ. ನನಗೆ ಇವತ್ತು ಬೇಕಾಗಿರೋದು ಇದೇ. ಕೂತ್ಕೋ" ಎಂದರು.

ಗೋಷ್ಠಿಯವರನ್ನೆಲ್ಲ ಅವರೇ ಕರೆದಿದ್ದರು. ಒಬ್ಬೊಬ್ಬರಾಗಿ ಬಂದು ಮುಜುಗರದಿಂದ ಕೂತರು. ಮಕ್ಕಳ ಅಪ್ಪಂದಿರು ಬೀದಿಯಲ್ಲೇ ನಿಂತರು. ಮೇಷ್ಟ್ರು ಕೈಮುಗಿದು ಹೇಳಿದರು. ಒಬ್ಬೊಬ್ಬರೂ ನಿಮಗೆ ಬೇಕಾದದ್ದನ್ನು ಫೋನಿಗೆ ಹೇಳಿ. ಬೇಕೆಂದೇ ತಪ್ಪು ಹೇಳಿದರೂ ಸರಿ. ನಾನು ಇಯರ್‌ಫೋನಿನಲ್ಲಿ ಕೇಳುತ್ತೇನೆ. ತಪ್ಪು ಬಂದ ಕಡೆ ಬೆರಳೆತ್ತುತ್ತೇನೆ. ಒಂದು ತಪ್ಪು ನನ್ನ ಕಿವಿ ತಪ್ಪಿಸಿಕೊಂಡು ಹೋದರೂ ನಾಳೆಯಿಂದ ಮಂಟಪದ ಮೆಟ್ಟಿಲು ಹತ್ತುವುದಿಲ್ಲ.

"ಈ ಡಬ್ಬಿ ಎರಡೂ ಕಡೆ ಹೇಳುತ್ತೆ. ನನಗೆ ಕೇಳಿದ್ದೇ ನಿಮಗೂ ಕೇಳುತ್ತೆ. ಮೋಸಕ್ಕೆ ಜಾಗ ಇಲ್ಲ" ಎಂದು ತಿರುಗುಣಿ ತಿರುಗಿಸಿದರು.

ಮೊದಲನೆಯವರು ಬೇಕೆಂದೇ ಒಂದು ಕಡೆ ಎಳೆದು ಹೇಳಿದ್ದರು, ಬೆರಳು ಎದ್ದಿತು. ಎರಡನೆಯವರು ಒಂದಕ್ಷರ ಬಿಟ್ಟಿದ್ದರು, ಬೆರಳು ಎದ್ದಿತು. ಹೀಗೇ ಸಾಲಾಗಿ ನಡೆಯಿತು. ಬೀದಿಯಲ್ಲಿ ನಿಂತವರು ಒಂದೊಂದು ಹೆಜ್ಜೆ ಮುಂದೆ ಬಂದರು. ಕಡೆಗೆ ಯಜಮಾನರು ಹೇಳಿದ್ದನ್ನು ಹಾಕಿದರು. ತುಂಬಿದ ಕಂಠ, ನಿರರ್ಗಳ. ನಡುವೆ ಒಂದು ಕಡೆ ಮೇಷ್ಟ್ರ ಬೆರಳು ಎದ್ದಿತು.

"ಅಲ್ಲಿ ನಾನು ತಪ್ಪು ಹೇಳಿಲ್ಲ" ಎಂದರು ಯಜಮಾನರು.

ಮೇಷ್ಟ್ರಿಗೆ ಆ ಮಾತು ಕೇಳಲಿಲ್ಲ, ಆದರೆ ಮುಖ ನೋಡಿ ತಿಳಿದುಕೊಂಡರು. ಅದೇ ಸಾಲನ್ನು ಮತ್ತೆ ಹಚ್ಚಿದರು. ಸ್ಪೀಕರಿನಲ್ಲಿ ಎಲ್ಲರೂ ಕೇಳಿದರು. ಮೂರನೆಯ ಸಲಕ್ಕೆ ನನ್ನಂಥವನಿಗೂ ಗೊತ್ತಾಯಿತು, ಒಂದು ದೀರ್ಘ ಅಲ್ಲಿ ಕುಂಟಿತ್ತು. ಯಜಮಾನರು ತಲೆ ತಗ್ಗಿಸಿ, ಆಮೇಲೆ ಹೌದೆಂದು ತಲೆಯಾಡಿಸಿದರು. ಮೇಷ್ಟ್ರು ಇಯರ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ಕಿವಿ ಕೆಟ್ಟಿದೆ, ಒಪ್ಪಿದೆ. ಪಾಠ ಕೆಟ್ಟಿಲ್ಲ. ನನ್ನ ಹಳೇ ಜಾಗ ಬೇಡ. ನಿಮ್ಮ ಎದುರಿಗೆ ಕೂರಿಸಿ. ನಿಮ್ಮ ತುಟಿ ಕಂಡರೆ ಸಾಕು, ಎತ್ತಿಕೊಳ್ತೀನಿ."

ಕೊಟ್ಟರು. ಸಂತೋಷದಿಂದ ಕೊಟ್ಟರೆಂದು ಹೇಳಲಾರೆ, ಆದರೆ ಕೊಟ್ಟರು. ಆರು ಮಕ್ಕಳಲ್ಲಿ ನಾಲ್ವರು ಮರಳಿ ಬಂದರು. ಇನ್ನಿಬ್ಬರು ಬರಲೇ ಇಲ್ಲ. ಹೋದರೆ ಹೋಗಲಿ ಎಂದು ಮೇಷ್ಟ್ರು ಬಾಯಲ್ಲಿ ಅನ್ನುತ್ತಿದ್ದರು, ಆದರೆ ಆ ಇಬ್ಬರ ಚಾಪೆಗಳನ್ನು ದಿನಾ ಹಾಸುತ್ತಿದ್ದರು.

ಅಲ್ಲಿಂದಾಚೆಗೆ ಅವರು ಸ್ಪೀಕರಿನ ವೈರು ಬಿಚ್ಚಲಿಲ್ಲ. ಮಧ್ಯಾಹ್ನವಾದರೆ ಮೇಷ್ಟ್ರ ಕಿವಿಯೊಳಗಿನದೆಲ್ಲ ಬೀದಿಗೂ ಕೇಳುತ್ತಿತ್ತು. ಅವರ ತಪ್ಪು, ಅವರ ಬೈಗುಳ, ಮಕ್ಕಳ ತೊದಲು, ಎಲ್ಲ. ಕ್ಯಾಮೆರಾ ಜೋಡಿಸುವ ಕೆಲಸಕ್ಕೆಂದು ನಾನು ನಾಗಮಂಗಲದ ಕಡೆ ಹೋದಾಗಲೆಲ್ಲ ಬೇಕೆಂದೇ ಮೇಲುಕೋಟೆಯ ದಾರಿ ಹಿಡಿಯುತ್ತಿದ್ದೆ. ಬೀದಿಯ ತಿರುವಿನಲ್ಲೇ ಅವರ ದನಿ ಸಿಗುತ್ತಿತ್ತು. ಅಕ್ಕಪಕ್ಕದವರು ಗೊಣಗುತ್ತಾರೆ, ಒಂಚೂರು ಕಮ್ಮಿ ಮಾಡಿ ಎಂದು ಒಮ್ಮೆ ಹೇಳಿ ನೋಡಿದೆ. "ಕೇಳಿಸ್ಕೊಳ್ಳಲಿ. ಎಪ್ಪತ್ತು ವರ್ಷ ಅವರದ್ದೆಲ್ಲ ನಾನು ಕೇಳಿಸ್ಕೊಂಡಿದೀನಿ" ಎಂದರು.

ಅವರು ಹೋಗಿ ಎರಡು ವರ್ಷವಾಯಿತು. ಹಿಂದಿನ ಸಂಜೆಯವರೆಗೂ ಯಜಮಾನರ ಎದುರಿಗೇ ಕೂತಿದ್ದರಂತೆ. ಹದಿನೈದು ದಿನ ಕಳೆದ ಮೇಲೆ ಅಮ್ಮಾವ್ರು ಬಸ್ಸಿನಲ್ಲಿ ಇಳಿದು ಬಂದು, ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನ ಅವನಿಗೇ ಕೊಡು ಅಂದಿದ್ರು" ಎಂದಷ್ಟೇ ಹೇಳಿ ಹೋದರು. ನಾನು ಅದನ್ನು ಮೇಲಿನ ಶೆಲ್ಫಿಗಿಟ್ಟವನು ಮುಟ್ಟಿರಲಿಲ್ಲ. ಮುಟ್ಟುವ ಧೈರ್ಯ ಇರಲಿಲ್ಲ...

ಶ್ರೀರಂಗಪಟ್ಟಣದ ಹುಡುಗಿಗೆ ಈ ಡಬ್ಬಿಯ ಸದ್ದು ಹಿಡಿಸಿತು. ಇದನ್ನೇ ಕೊಡಿ ಅಣ್ಣ ಎಂದಳು. ಕೊಡಲಿಲ್ಲ. ನಿನ್ನ ಕೆಲಸಕ್ಕೆ ಸ್ವಿಚ್ಚಿರುವುದೇ ಬೇಕಮ್ಮ ಎಂದು ಅಂಥದ್ದೊಂದನ್ನು ತರಿಸಲು ಬರೆದುಕೊಂಡೆ. ಈಗೆಲ್ಲ ವೈರಿಲ್ಲದವೇ ಓಡುವುದು, ಹಳೇದನ್ನು ಎಕ್ಸ್‌ಚೇಂಜಿಗೆ ಹಾಕಿ ಎಂದು ಕಂಪನಿಯವನು ಪ್ರತಿ ತಿಂಗಳೂ ಬಂದು ತಲೆ ತಿನ್ನುತ್ತಾನೆ. ಅವನಿಗೂ ಕೊಡುವುದಿಲ್ಲ. ಯಾರಿಗೂ ಕೊಡುವುದಿಲ್ಲ.

ಅವಳು ಹೋದ ಮೇಲೆ ನಾನು ಎದ್ದುನಿಂತು ಕೈಕಟ್ಟಿ ಫೋನಿಗೆ ರಾಮಶಬ್ದ ಹೇಳಿದೆ. ಇಯರ್‌ಫೋನು ತೊಟ್ಟು, ಸ್ಪೀಕರನ್ನೂ ಸಿಕ್ಕಿಸಿ, ಮೇಷ್ಟ್ರು ತಿರುಗಿಸುತ್ತಿದ್ದಷ್ಟೇ ತಿರುಗುಣಿ ತಿರುಗಿಸಿ ಹಚ್ಚಿದೆ. ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡಿದರು. ಟೀ ಅಂಗಡಿಯವನು ಬಾಗಿಲಿಗೇ ಬಂದ.

"ಏನ್ಲಾ ಇದು ಸಂತೆ? ಕಮ್ಮಿ ಮಾಡ್ಲಾ!"

"ಕೇಳುಸ್ಕಳ್ಳಾ" ಎಂದೆ. ಕಮ್ಮಿ ಮಾಡಲಿಲ್ಲ.

ಕಣ್ಣು ಮುಚ್ಚಿ ಮತ್ತೆ ಮತ್ತೆ ಕೇಳಿದೆ. ಹಕಾರ ಎಲ್ಲೂ ಬಿದ್ದಿರಲಿಲ್ಲ. ದೀರ್ಘವೂ ನುಂಗಿರಲಿಲ್ಲ. ಆದರೂ ಎಲ್ಲೋ ಒಂದು ತಪ್ಪು ಇದ್ದೇ ಇದೆ, ಅಷ್ಟು ನನಗೆ ಗೊತ್ತು. ಎಲ್ಲಿ ಎಂದು ಬೆರಳೆತ್ತುವವರು ಇಲ್ಲ.